ಪ್ರತಿಕ್ರಿಯಾ ಗುಂಡಿ

ಪ್ರತಿಕ್ರಿಯಾ ಗುಂಡಿ ಎಂಬುದು ಅಂತರಜಾಲದಲ್ಲಿ ಪ್ರಕಟವಾದ ಬರಹ, ಚಿತ್ರ, ವೀಡಿಯೊ ಅಥವಾ ಸಂದೇಶದ ಬಗ್ಗೆ ಓದುಗರು ಏನನ್ನೂ ಬರೆಯದೆ, ಒಂದೇ ಒತ್ತಿನಿಂದ ತಮ್ಮ ಅಭಿಪ್ರಾಯವನ್ನು ಸೂಚಿಸಲು ಒದಗಿಸುವ ಸೌಲಭ್ಯ. ಹೆಬ್ಬೆರಳು, ಹೃದಯ, ನಕ್ಷತ್ರ, ನಗುಮುಖ ಮುಂತಾದ ಚಿಹ್ನೆಗಳ ರೂಪದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಫೇಸ್‌ಬುಕ್ 2009ರಲ್ಲಿ ಪರಿಚಯಿಸಿದ ಲೈಕ್ ಗುಂಡಿ ಇದರ ಅತ್ಯಂತ ಪ್ರಸಿದ್ಧ ರೂಪವಾಗಿದ್ದು, ಆ ಬಳಿಕ ಸಾಮಾಜಿಕ ಜಾಲತಾಣಗಳು, ಚರ್ಚಾವೇದಿಕೆಗಳು, ತಂತ್ರಾಂಶ ಅಭಿವೃದ್ಧಿಯ ತಾಣಗಳು ಹಾಗೂ ಸಂದೇಶ ಸೇವೆಗಳಲ್ಲಿ ಇದು ಸಾಮಾನ್ಯವಾಯಿತು.

ಓದುವವರು ಹಲವರಿದ್ದು ಬರೆಯುವವರು ಕೆಲವರೇ ಇರುವ ಆನ್‌ಲೈನ್ ಸಮುದಾಯಗಳಲ್ಲಿ ಇಂತಹ ಗುಂಡಿಯನ್ನು ಅಳವಡಿಸಿದರೆ ಜನರ ಪಾಲ್ಗೊಳ್ಳುವಿಕೆ ಹೆಚ್ಚುತ್ತದೆಯೇ ಎಂಬುದು ಸಮುದಾಯಗಳ ನಿರ್ವಾಹಕರನ್ನೂ ಸಂಶೋಧಕರನ್ನೂ ಬಹುಕಾಲದಿಂದ ಕಾಡಿರುವ ಪ್ರಶ್ನೆ. ಲಭ್ಯವಿರುವ ಅಧ್ಯಯನಗಳು ಒಂದೇ ದಿಕ್ಕನ್ನು ತೋರುವುದಿಲ್ಲ. ಬರೆದವರಿಗೆ ಯಾವ ಪ್ರತಿಕ್ರಿಯೆಯೂ ದೊರೆಯದಿರುವುದು ಅವರು ಸಮುದಾಯವನ್ನು ತೊರೆಯುವುದರೊಂದಿಗೆ ನಿಕಟ ಸಂಬಂಧ ಹೊಂದಿದೆ ಎಂಬುದು ಸಾಕಷ್ಟು ಸ್ಪಷ್ಟವಾಗಿದೆ. ಆದರೆ ಒಂದು ಒತ್ತು ಆ ಕೊರತೆಯನ್ನು ಎಷ್ಟರಮಟ್ಟಿಗೆ ತುಂಬುತ್ತದೆ ಎಂಬುದು ಸಮುದಾಯದ ಸ್ವರೂಪವನ್ನು ಅವಲಂಬಿಸಿದೆ.

ಹೆಸರು ಮತ್ತು ಬಗೆಗಳು

ಕನ್ನಡದಲ್ಲಿ ಇದಕ್ಕೆ ಲೈಕ್, ಮೆಚ್ಚುಗೆ ಎಂಬ ಪದಗಳು ಬಳಕೆಯಲ್ಲಿವೆ. ಆಡುಮಾತಿನಲ್ಲಿ ‘ಲೈಕ್ ಒತ್ತು’, ‘ಲೈಕ್ ಮಾಡು’, ‘ಲೈಕ್ ಕೊಡು’ ಎಂಬ ಪ್ರಯೋಗಗಳೇ ಹೆಚ್ಚು. ಮೆಚ್ಚುಗೆಯಲ್ಲದೆ ದುಃಖ, ಸಿಟ್ಟು, ಅಚ್ಚರಿ ಮೊದಲಾದವನ್ನೂ ಸೂಚಿಸಬಲ್ಲ ಗುಂಡಿಗಳಿಗೆ ಪ್ರತಿಕ್ರಿಯಾ ಗುಂಡಿ ಎಂಬ ಹೆಸರು ಹೆಚ್ಚು ಹೊಂದುತ್ತದೆ.

ಇವುಗಳಲ್ಲಿ ಸ್ಥೂಲವಾಗಿ ಮೂರು ಬಗೆಗಳನ್ನು ಕಾಣಬಹುದು. ಮೆಚ್ಚುಗೆಯನ್ನು ಮಾತ್ರ ಸೂಚಿಸುವ ಒಂಟಿ ಗುಂಡಿ ಮೊದಲನೆಯದು. ಮೇಲ್ಮತ ಮತ್ತು ಕೆಳಮತಗಳೆರಡನ್ನೂ ನೀಡಬಲ್ಲ ಜೋಡಿ ಗುಂಡಿ ಎರಡನೆಯದು. ರೆಡಿಟ್ ಮತ್ತು ಸ್ಟ್ಯಾಕ್ ಓವರ್‌ಫ್ಲೋ ತಾಣಗಳಲ್ಲಿರುವುದು ಇದೇ. ಹಲವು ಭಾವಚಿಹ್ನೆಗಳಲ್ಲಿ ಒಂದನ್ನು ಆರಿಸಿಕೊಳ್ಳುವ ವ್ಯವಸ್ಥೆ ಮೂರನೆಯದು. ಹೊರನೋಟಕ್ಕೆ ಇವು ಒಂದೇ ವಸ್ತುವಿನ ರೂಪಭೇದಗಳಂತೆ ಕಂಡರೂ ಮಾಡುವ ಕೆಲಸ ಬೇರೆ. ಜೋಡಿ ಗುಂಡಿಯು ಮುಖ್ಯವಾಗಿ ಬರಹಗಳನ್ನು ಶ್ರೇಣೀಕರಿಸುವ ಸಾಧನ. ಒಂಟಿ ಗುಂಡಿ ಮತ್ತು ಭಾವಚಿಹ್ನೆಗಳು ಬರೆದವರಿಗೆ ತಲುಪಿಸುವ ಸಂಕೇತಗಳು. ಈ ವ್ಯತ್ಯಾಸವನ್ನು ಗಮನಿಸದೆ ನಡೆಯುವ ಚರ್ಚೆಗಳಲ್ಲಿ ಗೊಂದಲ ಸಹಜ.

ಹಿನ್ನೆಲೆ: ಮೌನ ಓದುಗರು

ಆನ್‌ಲೈನ್ ಸಮುದಾಯಗಳ ಬಹುಪಾಲು ಸದಸ್ಯರು ಓದುತ್ತಾರೆ, ಬರೆಯುವುದಿಲ್ಲ. ಬಳಕೆ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಇದನ್ನು 90-9-1 ಎಂಬ ಸೂತ್ರವಾಗಿ ನಿರೂಪಿಸಿದರು. ನೂರು ಬಳಕೆದಾರರಲ್ಲಿ 90 ಮಂದಿ ಕೇವಲ ಓದುತ್ತಾರೆ, 9 ಮಂದಿ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಒಬ್ಬರು ಮಾತ್ರ ನಿರಂತರವಾಗಿ ಬರೆಯುತ್ತಾರೆ ಎಂಬುದು ಇದರ ತಾತ್ಪರ್ಯ. ಇದು ಸ್ಥೂಲ ಅಂದಾಜೇ ಹೊರತು ಎಲ್ಲೆಡೆ ಅನ್ವಯಿಸುವ ನಿಯಮವಲ್ಲ. ಬ್ಲೇರ್ ನೊನೆಕೆ ಮತ್ತು ಜೆನ್ನಿ ಪ್ರೀಸ್ ಅವರು ಇಮೇಲ್ ಚರ್ಚಾಗುಂಪುಗಳ ಬಗ್ಗೆ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯ ಸಂಬಂಧಿ ಗುಂಪುಗಳಲ್ಲಿ ಮೌನ ಓದುಗರ ಪ್ರಮಾಣ ಸರಾಸರಿ ಶೇ. 46ರಷ್ಟಿದ್ದರೆ, ತಂತ್ರಾಂಶ ಸಹಾಯದ ಗುಂಪುಗಳಲ್ಲಿ ಅದು ಶೇ. 82ರಷ್ಟಿತ್ತು. ನೋವು ಹಂಚಿಕೊಳ್ಳಲು ಬಂದವರು ಮಾತನಾಡುತ್ತಾರೆ. ಉತ್ತರ ಹುಡುಕಿ ಬಂದವರು ಅದು ಸಿಕ್ಕೊಡನೆ ಹೊರಡುತ್ತಾರೆ ಎಂದು ಇದನ್ನು ಅರ್ಥೈಸಬಹುದು.

ಮೌನಕ್ಕೆ ಕಾರಣವೇನು ಎಂಬುದನ್ನು ಪ್ರೀಸ್, ನೊನೆಕೆ ಮತ್ತು ಆಂಡ್ರ್ಯೂಸ್ ಅವರು 2004ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಮೌನ ಓದುಗರನ್ನೇ ಕೇಳಿದರು. ಅರ್ಧಕ್ಕಿಂತ ಹೆಚ್ಚು ಮಂದಿ ನೀಡಿದ ಕಾರಣ ಸರಳವಾಗಿತ್ತು: ಬರೆಯುವ ಅಗತ್ಯವೇ ಬೀಳಲಿಲ್ಲ, ಓದಿದ್ದೇ ಸಾಕಾಯಿತು. ಗುಂಪಿನ ರೀತಿನೀತಿಗಳನ್ನು ಇನ್ನೂ ಅರಿಯಬೇಕಿದೆ, ತಾವು ಸುಮ್ಮನಿರುವುದೇ ಇತರರಿಗೆ ಉಪಕಾರ, ತಂತ್ರಾಂಶ ಬಳಸಲು ಬರಲಿಲ್ಲ, ಗುಂಪಿನ ವಾತಾವರಣ ಹಿಡಿಸಲಿಲ್ಲ ಎಂಬವು ಇತರ ಕಾರಣಗಳು. ಗುಂಡಿಯನ್ನು ಸಮರ್ಥಿಸುವವರು ಸಾಮಾನ್ಯವಾಗಿ ಬರೆಯುವ ಶ್ರಮವನ್ನು ಮುಂದೊಡ್ಡುತ್ತಾರೆ. ಆದರೆ ಈ ಪಟ್ಟಿಯಲ್ಲಿ ಶ್ರಮಕ್ಕೆ ಸಂಬಂಧಿಸಿದ್ದು ಒಂದು ಕಾರಣ ಮಾತ್ರ. ಅಗತ್ಯವೇ ಇಲ್ಲದವನಿಗೆ ದಾರಿ ಸುಗಮವಾದರೂ ನಡೆಯುವ ಕಾರಣ ಹುಟ್ಟುವುದಿಲ್ಲ.

ಇನ್ನೊಂದು ಬದಿಯಲ್ಲಿ ಬರೆದವರಿದ್ದಾರೆ. ಮುಖಾಮುಖಿ ಮಾತುಕತೆಯಲ್ಲಿ ಕೇಳುಗರು ತಲೆಯಾಡಿಸುತ್ತಾರೆ, ‘ಹೂಂ’, ‘ಹೌದಾ’ ಎನ್ನುತ್ತಾರೆ. ಭಾಷಾವಿಜ್ಞಾನಿ ವಿಕ್ಟರ್ ಇಂಗ್ವೆ 1970ರಲ್ಲಿ ಇದನ್ನು ಸಂಭಾಷಣೆಯ ಹಿಂಬದಿಯ ವಾಹಿನಿ ಎಂದು ಗುರುತಿಸಿದರು. ಕನ್ನಡದಲ್ಲಿ ಇದಕ್ಕೆ ಹೂಂಗುಟ್ಟುವುದು ಎಂಬ ಮಾತೇ ಇದೆ. ಕಥೆ ಹೇಳುವ ಅಜ್ಜಿ ಹೂಂಗುಟ್ಟುವವರಿಲ್ಲದಿದ್ದರೆ ಕಥೆಯನ್ನು ನಿಲ್ಲಿಸಿಬಿಡುತ್ತಾಳೆ. ಮಕ್ಕಳು ನಿದ್ದೆಹೋದವೆಂದು ಅವಳಿಗೆ ತಿಳಿಯುವುದೇ ಹಾಗೆ. ಪರದೆಯ ಮೇಲಿನ ಬರಹಕ್ಕೆ ಈ ಸೌಕರ್ಯವಿರಲಿಲ್ಲ. ಹತ್ತು ಜನ ಗಮನವಿಟ್ಟು ಓದಿದ ಬರಹವೂ ಯಾರೂ ಓದದ ಬರಹವೂ ಬರೆದವನ ಕಣ್ಣಿಗೆ ಒಂದೇ ರೀತಿ ಕಾಣುತ್ತಿದ್ದವು. ಪ್ರತಿಕ್ರಿಯಾ ಗುಂಡಿಯ ಮೂಲ ಉಪಯೋಗ ಈ ಕೊರತೆಯನ್ನು ನೀಗುವುದರಲ್ಲಿದೆ ಎನ್ನಬಹುದು.

ಇತಿಹಾಸ

ಒತ್ತಿನ ಮೂಲಕ ಮೌಲ್ಯಮಾಪನ ಮಾಡುವ ಪದ್ಧತಿ ಲೈಕ್ ಗುಂಡಿಗಿಂತ ಹಳೆಯದು. 1997ರಲ್ಲಿ ಆರಂಭವಾದ ಸ್ಲ್ಯಾಶ್‌ಡಾಟ್ ಎಂಬ ತಂತ್ರಜ್ಞಾನ ಸುದ್ದಿತಾಣದಲ್ಲಿ ಆಯ್ದ ಓದುಗರಿಗೆ ಕೆಲವೇ ಅಂಕಗಳನ್ನು ನೀಡಿ, ಟಿಪ್ಪಣಿಗಳಿಗೆ -1ರಿಂದ 5ರವರೆಗೆ ಬೆಲೆ ಕಟ್ಟಲು ಅವಕಾಶ ಕೊಡಲಾಗಿತ್ತು. ಅಂಕ ಕೊಡುವವರು ‘ಒಳನೋಟವುಳ್ಳದ್ದು’, ‘ತಮಾಷೆಯದು’ ಎಂಬಂತಹ ಕಾರಣವನ್ನೂ ಆರಿಸಬೇಕಿತ್ತು. ಮೆಚ್ಚಿದ್ದೇಕೆ ಎಂಬುದನ್ನು ತಿಳಿಸುವ ಈ ಅಂಶವು ನಂತರ ಬಂದ ಬಹುತೇಕ ಗುಂಡಿಗಳಲ್ಲಿ ಕಾಣೆಯಾಯಿತು. 2005ರಲ್ಲಿ ಆರಂಭವಾದ ರೆಡಿಟ್ ಮೇಲ್ಮತ ಮತ್ತು ಕೆಳಮತಗಳನ್ನು ಎಲ್ಲ ಸದಸ್ಯರಿಗೂ ಮುಕ್ತಗೊಳಿಸಿತು. ಅದೇ ವರ್ಷ ವೀಡಿಯೊ ತಾಣವಾದ ವಿಮಿಯೊದಲ್ಲಿ ಲೈಕ್ ಎಂಬ ಹೆಸರಿನ ಸೌಲಭ್ಯ ಕಾಣಿಸಿಕೊಂಡಿತು. 2007ರಲ್ಲಿ ಫ್ರೆಂಡ್‌ಫೀಡ್ ಎಂಬ ತಾಣವೂ ಇದನ್ನು ಅಳವಡಿಸಿಕೊಂಡಿತು. ಈ ತಾಣವನ್ನು 2009ರಲ್ಲಿ ಫೇಸ್‌ಬುಕ್ ಖರೀದಿಸಿತು.

ಫೇಸ್‌ಬುಕ್‌ನ ಲೈಕ್ ಗುಂಡಿ 2009ರ ಫೆಬ್ರವರಿ 9ರಂದು ಬಳಕೆಗೆ ಬಂತು. ಸಂಸ್ಥೆಯೊಳಗೆ ಇದರ ಕೆಲಸ 2007ರಲ್ಲಿಯೇ ಆರಂಭವಾಗಿತ್ತು. ಆಗ ಅದನ್ನು ‘ಆಸಮ್’ ಗುಂಡಿ ಎಂದು ಕರೆಯಲಾಗುತ್ತಿತ್ತು. ಒಂದೂವರೆ ವರ್ಷದ ವಿಳಂಬಕ್ಕೆ ಒಂದು ಕಾರಣ ಇಂದಿಗೂ ಪ್ರಸ್ತುತವಾಗಿದೆ. ಒತ್ತಿ ಮುಗಿಸುವ ಅವಕಾಶ ಸಿಕ್ಕರೆ ಜನರು ಟಿಪ್ಪಣಿ ಬರೆಯುವುದನ್ನೇ ಬಿಟ್ಟಾರು ಎಂಬ ಆತಂಕ ಸಂಸ್ಥೆಯಲ್ಲಿತ್ತು. ಇಂಜಿನಿಯರ್ ಆಂಡ್ರ್ಯೂ ಬಾಸ್ವರ್ತ್ ನಂತರ ಕೋರಾ ತಾಣದಲ್ಲಿ ಬರೆದ ವಿವರಣೆಯಂತೆ, ಪ್ರಾಯೋಗಿಕ ಬಳಕೆಯ ಅಂಕಿಅಂಶಗಳು ಇದಕ್ಕೆ ವಿರುದ್ಧವಾದುದನ್ನು ತೋರಿಸಿದವು: ಗುಂಡಿಯಿದ್ದ ಬರಹಗಳಿಗೆ ಬರುವ ಟಿಪ್ಪಣಿಗಳು ಹೆಚ್ಚಿದವು. ಆದಾಗ್ಯೂ ಇದು ಆಗಲೇ ಕೋಟ್ಯಂತರ ಸದಸ್ಯರಿದ್ದು, ಸ್ನೇಹಿತರು ಪರಸ್ಪರ ಪರಿಚಿತರಾಗಿದ್ದ ಜಾಲದ ಅನುಭವ. ಅಪರಿಚಿತರ ಸಣ್ಣ ಗುಂಪೊಂದಕ್ಕೆ ಇದನ್ನು ನೇರವಾಗಿ ಅನ್ವಯಿಸಲಾಗದು.

2010ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ ಈ ಗುಂಡಿಯನ್ನು ಇತರ ಜಾಲತಾಣಗಳಿಗೂ ಒದಗಿಸಿತು. ಅದೇ ವರ್ಷ ಯೂಟ್ಯೂಬ್ ತನ್ನ ಐದು ನಕ್ಷತ್ರಗಳ ಪದ್ಧತಿಯನ್ನು ಕೈಬಿಟ್ಟು ಮೇಲ್ಮುಖ ಮತ್ತು ಕೆಳಮುಖ ಹೆಬ್ಬೆರಳುಗಳಿಗೆ ಬದಲಾಯಿತು. ನಕ್ಷತ್ರ ನೀಡುವವರಲ್ಲಿ ಹೆಚ್ಚಿನವರು ಐದಕ್ಕೆ ಐದನ್ನೂ ಕೊಡುತ್ತಿದ್ದುದು ಇದಕ್ಕೆ ಕಾರಣ. ಮೆಚ್ಚದವರು ಏನನ್ನೂ ಒತ್ತದೆ ಮುಂದೆ ಸಾಗುತ್ತಿದ್ದರು. ಟ್ವಿಟರ್ 2015ರ ನವೆಂಬರ್‌ನಲ್ಲಿ ನಕ್ಷತ್ರವನ್ನು ಹೃದಯಕ್ಕೆ ಬದಲಿಸಿತು. ಓದಿ ನಂತರ ನೋಡಲೆಂದು ಗುರುತಿಟ್ಟುಕೊಳ್ಳಲು ನಕ್ಷತ್ರವನ್ನು ಬಳಸುತ್ತಿದ್ದ ಅನೇಕರಿಗೆ ಈ ಬದಲಾವಣೆ ಹಿಡಿಸಲಿಲ್ಲ. ಭೀಕರ ಸುದ್ದಿಯೊಂದರ ಪಕ್ಕದಲ್ಲಿ ಹೃದಯ ಒತ್ತುವುದು ಅವರಿಗೆ ಅಸಂಗತವಾಗಿ ಕಂಡಿತು.

ಇದೇ ಮುಜುಗರ ಫೇಸ್‌ಬುಕ್‌ನಲ್ಲಿಯೂ ಇತ್ತು. ಸಾವಿನ ಸುದ್ದಿಗೆ ಲೈಕ್ ಒತ್ತಬೇಕೇ ಬೇಡವೇ ಎಂಬ ತೊಳಲಾಟವನ್ನು ಬಳಕೆದಾರರು ಬಹುಕಾಲ ಅನುಭವಿಸಿದರು. ಐರ್ಲೆಂಡ್ ಮತ್ತು ಸ್ಪೇನ್ ದೇಶಗಳಲ್ಲಿ ಪರೀಕ್ಷಿಸಿದ ಬಳಿಕ, 2016ರ ಫೆಬ್ರವರಿ 24ರಂದು ಪ್ರೀತಿ, ನಗು, ಅಚ್ಚರಿ, ದುಃಖ ಮತ್ತು ಸಿಟ್ಟಿನ ಚಿಹ್ನೆಗಳನ್ನು ಲೈಕ್ ಜೊತೆಗೆ ಸೇರಿಸಲಾಯಿತು. ಕೋವಿಡ್ ಸಾಂಕ್ರಾಮಿಕದ ಸಮಯದಲ್ಲಿ, 2020ರಲ್ಲಿ, ಕಾಳಜಿ ಸೂಚಿಸುವ ಚಿಹ್ನೆ ಸೇರ್ಪಡೆಯಾಯಿತು. ಕಚೇರಿಗಳಲ್ಲಿ ಬಳಕೆಯಾಗುವ ಸ್ಲ್ಯಾಕ್ ತಂತ್ರಾಂಶದಲ್ಲಿ 2015ರಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ 2022ರ ಮೇ ತಿಂಗಳಿನಲ್ಲಿ ಭಾವಚಿಹ್ನೆಗಳ ಮೂಲಕ ಪ್ರತಿಕ್ರಿಯಿಸುವ ಸೌಲಭ್ಯ ಬಂತು.

ಗಿಟ್‌ಹಬ್ ಪ್ರಕರಣ

ಮಾತು ಹೆಚ್ಚಿಸಲೆಂದಲ್ಲದೆ ಕಡಿಮೆ ಮಾಡಲೆಂದೇ ಗುಂಡಿಯನ್ನು ತಂದ ಉದಾಹರಣೆಯೂ ಇದೆ. ಮುಕ್ತ ತಂತ್ರಾಂಶಗಳ ಅಭಿವೃದ್ಧಿ ನಡೆಯುವ ಗಿಟ್‌ಹಬ್ ತಾಣದಲ್ಲಿ ದೋಷವೊಂದನ್ನು ಯಾರಾದರೂ ವರದಿ ಮಾಡಿದರೆ, ಅದೇ ತೊಂದರೆ ಅನುಭವಿಸಿದವರು ‘ಪ್ಲಸ್ ಒನ್’ ಎಂದಷ್ಟೇ ಟಿಪ್ಪಣಿ ಬರೆಯುವ ರೂಢಿಯಿತ್ತು. ಜನಪ್ರಿಯ ಯೋಜನೆಗಳಲ್ಲಿ ಇಂತಹ ಟಿಪ್ಪಣಿಗಳು ರಾಶಿಬಿದ್ದು, ಉಪಯುಕ್ತ ಮಾಹಿತಿ ಅವುಗಳ ನಡುವೆ ಹುಡುಕಬೇಕಾದ ಸ್ಥಿತಿ ಬಂತು. ಪ್ರತಿ ಟಿಪ್ಪಣಿಯೂ ಚರ್ಚೆಯಲ್ಲಿದ್ದ ಎಲ್ಲರಿಗೂ ಇಮೇಲ್ ಕಳುಹಿಸುತ್ತಿತ್ತು. 2016ರ ಜನವರಿಯಲ್ಲಿ ಹಲವು ಯೋಜನೆಗಳ ನಿರ್ವಾಹಕರು ಒಟ್ಟಾಗಿ ಸಂಸ್ಥೆಗೆ ಬಹಿರಂಗ ಪತ್ರ ಬರೆದರು. ಅವರ ದೂರುಗಳಲ್ಲಿ ಇದೂ ಒಂದಾಗಿತ್ತು. ಮಾರ್ಚ್ 10ರಂದು ಗಿಟ್‌ಹಬ್ ಆರು ಚಿಹ್ನೆಗಳ ಪ್ರತಿಕ್ರಿಯಾ ಗುಂಡಿಯನ್ನು ಬಿಡುಗಡೆ ಮಾಡಿತು. ಇದನ್ನು ಒತ್ತಿದಾಗ ಯಾರಿಗೂ ಸೂಚನೆ ಹೋಗುವುದಿಲ್ಲ.

ಮಾತು ತುಂಬಿ ತುಳುಕುವ ಕಡೆ ಗುಂಡಿಯು ಸದ್ದನ್ನು ಹೀರಿಕೊಳ್ಳುವ ಸಾಧನವಾಗಿ ಯಶಸ್ವಿಯಾಯಿತು. ಮಾತೇ ಇಲ್ಲದ ಕಡೆಯೂ ಅದೇ ಗುಂಡಿ ಅದೇ ರೀತಿ ವರ್ತಿಸಿದರೆ, ಬರಬಹುದಾಗಿದ್ದ ನಾಲ್ಕು ಟಿಪ್ಪಣಿಗಳನ್ನೂ ನುಂಗಿಬಿಡಬಹುದೆಂಬ ಆಕ್ಷೇಪಕ್ಕೆ ಈ ಪ್ರಕರಣ ಬಲ ನೀಡುತ್ತದೆ. ಇಲ್ಲಿ ಗುಂಡಿಯ ಪಾಲಾದದ್ದು ‘ನನಗೂ ಹೀಗೇ ಆಗಿದೆ’ ಎಂಬುದಕ್ಕಿಂತ ಹೆಚ್ಚೇನನ್ನೂ ಹೇಳದ ಟಿಪ್ಪಣಿ ಎಂಬುದನ್ನೂ ಗಮನಿಸಬೇಕು. ಚಿಕ್ಕ ಸಮುದಾಯದಲ್ಲಿ ಅಂತಹ ಒಂದು ಸಾಲಿಗೂ ಬೆಲೆಯಿದೆ. ಏಕೆಂದರೆ ಅದಕ್ಕೆ ಪ್ರತ್ಯುತ್ತರ ಬರೆಯಬಹುದು. ಹೆಬ್ಬೆರಳಿನ ಚಿಹ್ನೆಗೆ ಪ್ರತ್ಯುತ್ತರ ಬರೆಯಲಾಗುವುದಿಲ್ಲ.

ಪಾಲ್ಗೊಳ್ಳುವಿಕೆಯ ಮೇಲಿನ ಪರಿಣಾಮ

ಲೈಕ್ ಗುಂಡಿ ಬರುವ ಮೊದಲೇ ಪ್ರತಿಕ್ರಿಯೆಯ ಮಹತ್ವದ ಬಗ್ಗೆ ಸಂಶೋಧನೆ ನಡೆದಿತ್ತು. ಎಲಿಸಬೆತ್ ಜಾಯ್ಸ್ ಮತ್ತು ರಾಬರ್ಟ್ ಕ್ರೌಟ್ ಅವರು ಆರು ಸುದ್ದಿಗುಂಪುಗಳಲ್ಲಿ ಮೊದಲ ಬಾರಿ ಬರೆದವರನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಉತ್ತರ ಪಡೆದವರು ಮತ್ತೆ ಬರೆಯುವ ಸಾಧ್ಯತೆ ಶೇ. 12ರಷ್ಟು ಹೆಚ್ಚಾಗಿತ್ತು. ಉತ್ತರದ ಧಾಟಿ ಹಿತವಾಗಿತ್ತೇ, ಕೇಳಿದ ಪ್ರಶ್ನೆಗೆ ಅದು ಪರಿಹಾರ ನೀಡಿತೇ ಎಂಬುದು ನಿರೀಕ್ಷಿಸಿದಷ್ಟು ವ್ಯತ್ಯಾಸ ಉಂಟುಮಾಡಲಿಲ್ಲ. ಯಾರಾದರೂ ಗಮನಿಸಿದರು ಎಂಬುದೇ ಮುಖ್ಯವಾಗಿತ್ತು. ಗುಂಡಿಯ ಪರವಾದ ವಾದಕ್ಕೆ ಇದಕ್ಕಿಂತ ಉತ್ತಮ ಆಧಾರ ದೊರೆಯುವುದು ಕಷ್ಟ. ಗಮನಿಸಿದ ಸೂಚನೆಯಷ್ಟೇ ಸಾಕೆಂದಾದರೆ ಅದನ್ನು ಒಂದು ಒತ್ತೂ ನೀಡಬಲ್ಲದು.

2014ರಲ್ಲಿ ಜಸ್ಟಿನ್ ಚೆಂಗ್, ಕ್ರಿಸ್ಟಿಯನ್ ಡಾನೆಸ್ಕು-ನಿಕುಲೆಸ್ಕು-ಮಿಜಿಲ್ ಮತ್ತು ಯೂರೆ ಲೆಸ್ಕೊವೆಕ್ ಅವರು ಪ್ರಕಟಿಸಿದ ಅಧ್ಯಯನ ಈ ನಿರೀಕ್ಷೆಯನ್ನು ಜಟಿಲಗೊಳಿಸಿತು. ಸಿಎನ್ಎನ್ ಸೇರಿದಂತೆ ನಾಲ್ಕು ಸುದ್ದಿತಾಣಗಳ ಟಿಪ್ಪಣಿಗಳನ್ನೂ ಅವುಗಳಿಗೆ ಬಂದ ಮೇಲ್ಮತ, ಕೆಳಮತಗಳನ್ನೂ ಅವರು ವಿಶ್ಲೇಷಿಸಿದರು. ಮೇಲ್ಮತ ಪಡೆದವರು ನಂತರ ಹೆಚ್ಚು ಬರೆಯಲಿಲ್ಲ, ಉತ್ತಮವಾಗಿಯೂ ಬರೆಯಲಿಲ್ಲ. ಕೆಳಮತ ಪಡೆದವರು ಹೆಚ್ಚು ಬರೆದರು. ಆದರೆ ಅವರ ಬರಹದ ಗುಣಮಟ್ಟ ಕುಸಿಯಿತು ಮತ್ತು ಅವರು ಇತರರಿಗೂ ಹೆಚ್ಚಾಗಿ ಕೆಳಮತ ನೀಡತೊಡಗಿದರು. ಸಮುದಾಯವನ್ನು ತೊರೆಯುವ ಸಾಧ್ಯತೆ ಅತಿ ಹೆಚ್ಚಾಗಿದ್ದುದು ಯಾವ ಮತವನ್ನೂ ಪಡೆಯದವರಲ್ಲಿ. ಬೈಗುಳಕ್ಕಿಂತಲೂ ಮೌನವೇ ಜನರನ್ನು ದೂರವಾಗಿಸುತ್ತದೆ ಎಂಬ ಈ ಅಂಶವು ಜಾಯ್ಸ್ ಮತ್ತು ಕ್ರೌಟ್ ಅವರ ಫಲಿತಾಂಶಕ್ಕೆ ಹೊಂದುತ್ತದೆ. ಆದರೆ ಕೆಳಮತ ಹೆಚ್ಚಿಸಿದ ಬರವಣಿಗೆಯನ್ನು ಪಾಲ್ಗೊಳ್ಳುವಿಕೆಯ ಹೆಚ್ಚಳವೆಂದು ಯಾವ ನಿರ್ವಾಹಕನೂ ಸಂತಸಪಡಲಾರ.

ಇದಕ್ಕೂ ಮುನ್ನ, 2009ರಲ್ಲಿ, ಮೊಯಿರಾ ಬರ್ಕ್ ಮತ್ತು ಸಂಗಡಿಗರು ಸುಮಾರು 1,40,000 ಹೊಸ ಫೇಸ್‌ಬುಕ್ ಸದಸ್ಯರ ಆರಂಭದ ದಿನಗಳನ್ನು ಪರಿಶೀಲಿಸಿದ್ದರು. ಸ್ನೇಹಿತರು ಚಿತ್ರಗಳನ್ನು ಹಂಚಿಕೊಳ್ಳುವುದನ್ನು ನೋಡಿದ ಹೊಸಬರು ತಾವೂ ಹೆಚ್ಚು ಹಂಚಿಕೊಂಡರು. ದೊರೆತ ಪ್ರತಿಕ್ರಿಯೆಯ ಪ್ರಭಾವ ಕಂಡುಬಂದದ್ದು ಮುಖ್ಯವಾಗಿ ಮೊದಲಿನಿಂದಲೂ ಹಂಚಿಕೊಳ್ಳುವ ಒಲವಿದ್ದವರಲ್ಲಿ. ಅಂದರೆ ಹೊಸಬರು ಕಲಿಯುವುದು ಕಂಡದ್ದನ್ನು. ಇತರರು ಬರೆಯುವುದನ್ನು ಕಂಡರೆ ಬರೆಯುತ್ತಾರೆ. ಇತರರು ಒತ್ತುವುದನ್ನೇ ಕಂಡರೆ ಒತ್ತುವುದನ್ನು ಕಲಿಯುತ್ತಾರೆ ಎಂದು ಊಹಿಸುವುದು ಅಸಮಂಜಸವಾಗಲಾರದು.

ವಿಕಿಪೀಡಿಯದ ಪ್ರಯೋಗಗಳು

ಕೇವಲ ಹೊಂದಾಣಿಕೆಯನ್ನು ಗುರುತಿಸುವ ಅಧ್ಯಯನಗಳಿಗಿಂತ, ಯಾದೃಚ್ಛಿಕವಾಗಿ ಆಯ್ದವರಿಗೆ ಮೆಚ್ಚುಗೆ ನೀಡಿ ಫಲಿತಾಂಶ ನೋಡಿದ ಪ್ರಯೋಗಗಳು ಹೆಚ್ಚು ವಿಶ್ವಾಸಾರ್ಹ. ಇವುಗಳಲ್ಲಿ ಪ್ರಮುಖವಾದ ಹಲವು ವಿಕಿಪೀಡಿಯದಲ್ಲಿ ನಡೆದಿವೆ.

ಮೈಕೆಲ್ ರೆಸ್ಟಿವೊ ಮತ್ತು ಆರ್ನೌಟ್ ವಾನ್ ಡಿ ರಿಟ್ ಅವರು ಇಂಗ್ಲಿಷ್ ವಿಕಿಪೀಡಿಯದ ಅತ್ಯಂತ ಸಕ್ರಿಯರಾದ ಶೇ. 1ರಷ್ಟು ಸಂಪಾದಕರಲ್ಲಿ 200 ಮಂದಿಯನ್ನು ಆರಿಸಿ, ಅರ್ಧದಷ್ಟು ಮಂದಿಗೆ ಬಾರ್ನ್‌ಸ್ಟಾರ್ ಎಂಬ ಅನೌಪಚಾರಿಕ ಪದಕವನ್ನು ನೀಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪದಕ ಪಡೆದವರ ಉತ್ಪಾದಕತೆ ಉಳಿದವರಿಗಿಂತ ಶೇ. 60ರಷ್ಟು ಹೆಚ್ಚಾಯಿತು. ಅದೇ ಸಂಶೋಧಕರು ಪ್ರಯೋಗವನ್ನು ಅಷ್ಟೇನೂ ಸಕ್ರಿಯರಲ್ಲದ ಸಂಪಾದಕರಿಗೆ ವಿಸ್ತರಿಸಿದಾಗ ಅಂತಹ ಹೆಚ್ಚಳ ಕಾಣಲಿಲ್ಲ. ಜನಾ ಗ್ಯಾಲಸ್ ಅವರು ಜರ್ಮನ್ ವಿಕಿಪೀಡಿಯದಲ್ಲಿ ಸುಮಾರು 4,000 ಹೊಸ ಸಂಪಾದಕರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯದನ್ನೇ ಹೇಳಿತು. ಸಾಂಕೇತಿಕ ಪ್ರಶಸ್ತಿ ಪಡೆದ ಹೊಸಬರು ಮುಂದಿನ ತಿಂಗಳೂ ಉಳಿದುಕೊಳ್ಳುವ ಪ್ರಮಾಣ ಶೇ. 20ರಷ್ಟು ಏರಿತು, ಮತ್ತು ಪರಿಣಾಮ ಒಂದು ವರ್ಷದವರೆಗೂ ಉಳಿಯಿತು.

ಪದಕ ಮತ್ತು ಪ್ರಶಸ್ತಿಗಳು ಒತ್ತುಗುಂಡಿಗಳಲ್ಲ. ಅವನ್ನು ಯಾರೋ ಯೋಚಿಸಿ ನೀಡುತ್ತಾರೆ. ಗುಂಡಿಗೆ ಹೆಚ್ಚು ಹತ್ತಿರವಾದುದು 2013ರ ಮೇ ತಿಂಗಳಿನಲ್ಲಿ ವಿಕಿಪೀಡಿಯಕ್ಕೆ ಬಂದ ಧನ್ಯವಾದ ಸೌಲಭ್ಯ. ಇಂದು ಕನ್ನಡವೂ ಸೇರಿದಂತೆ ವಿವಿಧ ಭಾಷೆಗಳ ವಿಕಿಪೀಡಿಯಗಳಲ್ಲಿ ಇದು ಲಭ್ಯವಿದೆ. ನಿರ್ದಿಷ್ಟ ಸಂಪಾದನೆಯೊಂದಕ್ಕೆ ಧನ್ಯವಾದ ತಿಳಿಸಿದರೆ ಸಂಪಾದಕರಿಗೆ ಖಾಸಗಿ ಸೂಚನೆ ಹೋಗುತ್ತದೆ. ಯಾರು ಯಾರಿಗೆ ಧನ್ಯವಾದ ಹೇಳಿದರೆಂಬ ದಾಖಲೆ ಬಹಿರಂಗವಾಗಿದ್ದರೂ ಯಾವ ಸಂಪಾದನೆಗೆಂಬುದು ಅದರಲ್ಲಿರುವುದಿಲ್ಲ, ಮತ್ತು ಲೇಖನದ ಪುಟದಲ್ಲಿ ಯಾವ ಎಣಿಕೆಯೂ ಕಾಣುವುದಿಲ್ಲ. ಅರಬ್ಬಿ, ಜರ್ಮನ್, ಪೋಲಿಷ್ ಮತ್ತು ಪರ್ಷಿಯನ್ ವಿಕಿಪೀಡಿಯಗಳಲ್ಲಿ ನೇಥನ್ ಮಟಾಯಸ್ ಮತ್ತು ಸಂಗಡಿಗರು ಸ್ವಯಂಸೇವಕರ ಮೂಲಕ ಧನ್ಯವಾದಗಳನ್ನು ಕಳುಹಿಸಿ ನಡೆಸಿದ ಪ್ರಯೋಗದಲ್ಲಿ, ಧನ್ಯವಾದ ಪಡೆದವರು ಎರಡು ವಾರಗಳ ಬಳಿಕವೂ ಸಕ್ರಿಯರಾಗಿರುವ ಪ್ರಮಾಣ ಹೆಚ್ಚಿತು; ಅವರು ಇತರರಿಗೆ ಧನ್ಯವಾದ ಹೇಳುವುದೂ ಹೆಚ್ಚಿತು. ಇಲ್ಲಿ ಗುಂಡಿ ಮೊದಲಿನಿಂದಲೂ ಇತ್ತು. ಫಲಿತಾಂಶ ಬಂದದ್ದು ಅದನ್ನು ಒತ್ತಲು ಜನರನ್ನು ಸಂಘಟಿಸಿದ್ದರಿಂದ ಎಂಬುದು ಈ ಪ್ರಯೋಗದಲ್ಲಿ ಸುಲಭವಾಗಿ ಕಣ್ತಪ್ಪುವ ಅಂಶ.

ಚಿಕ್ಕ ಸಮುದಾಯಗಳಲ್ಲಿ

ಇಪ್ಪತ್ತು ಮೂವತ್ತು ಜನ ಓದುವ ಸಮುದಾಯದಲ್ಲಿ ಗುಂಡಿಯ ಲೆಕ್ಕಾಚಾರವೇ ಬೇರೆ. ಲಕ್ಷಾಂತರ ಬರಹಗಳಿರುವ ಕಡೆ ಒತ್ತುಗಳು ಯಾವುದನ್ನು ಮೊದಲು ತೋರಿಸಬೇಕೆಂದು ತೀರ್ಮಾನಿಸಲು ನೆರವಾಗುತ್ತವೆ. ದಿನಕ್ಕೆ ಒಂದೆರಡು ಬರಹ ಬರುವ ಕಡೆ ಅಂತಹ ಆಯ್ಕೆಯ ಅಗತ್ಯವಿಲ್ಲ. ಅಲ್ಲಿ ಗುಂಡಿಗೆ ಉಳಿಯುವ ಕೆಲಸ ಹೂಂಗುಟ್ಟುವುದೊಂದೇ. ಯಾರೂ ಒತ್ತದಿದ್ದರೆ ಪ್ರತಿ ಬರಹದ ಕೆಳಗೂ ಸೊನ್ನೆ ಕಾಣುತ್ತದೆ. ಮೊದಲು ಅವ್ಯಕ್ತವಾಗಿದ್ದ ಮೌನ ಈಗ ಅಂಕಿಯ ರೂಪದಲ್ಲಿ ಎದ್ದು ಕಾಣುತ್ತದೆ. ಈ ಕಾರಣಕ್ಕಾಗಿ ಹಲವು ತಂತ್ರಾಂಶಗಳು ಒಂದಾದರೂ ಒತ್ತು ಬೀಳುವವರೆಗೆ ಎಣಿಕೆಯನ್ನು ತೋರಿಸುವುದಿಲ್ಲ.

ಒತ್ತಿದ್ದನ್ನು ಬರೆದವರಿಗೆ ತಿಳಿಸುವ ಸೂಚನೆ, ಒತ್ತಿದವರ ಹೆಸರು ಕಾಣುವುದು ಇವೆರಡೂ ಚಿಕ್ಕ ಗುಂಪಿನಲ್ಲಿ ಎಣಿಕೆಗಿಂತ ಮುಖ್ಯ. ‘ಮೂರು ಮೆಚ್ಚುಗೆ’ ಎಂಬುದಕ್ಕಿಂತ ಪರಿಚಿತ ಹಿರಿಯ ಸದಸ್ಯರೊಬ್ಬರು ಓದಿದರೆಂಬ ತಿಳಿವಳಿಕೆ ಹೆಚ್ಚು ತೂಕದ್ದು. ಬರ್ಕ್ ಮತ್ತು ಕ್ರೌಟ್ ಅವರ 2016ರ ಅಧ್ಯಯನ ಇದಕ್ಕೆ ಮಿತಿಯನ್ನೂ ಸೂಚಿಸುತ್ತದೆ. ಫೇಸ್‌ಬುಕ್‌ನಲ್ಲಿ ಆಪ್ತರಿಂದ ತಮಗಾಗಿಯೇ ಬರೆದ ಮಾತುಗಳನ್ನು ಪಡೆದವರ ನೆಮ್ಮದಿ ಸುಧಾರಿಸಿದ್ದು ಕಂಡುಬಂತು. ಒಂದೇ ಒತ್ತಿನ ಪ್ರತಿಕ್ರಿಯೆಗಳಿಂದ ಅಂತಹ ಸುಧಾರಣೆ ಕಾಣಲಿಲ್ಲ.

ಪ್ರಶ್ನೋತ್ತರಗಳೇ ಮುಖ್ಯವಾದ ಸಮುದಾಯದಲ್ಲಿ ಗುಂಡಿಯ ಉಪಯೋಗ ಇನ್ನೂ ಸೀಮಿತ. ಪ್ರಶ್ನೆ ಕೇಳಿದವರಿಗೆ ಬೇಕಾದುದು ಉತ್ತರ; ಐದು ಹೃದಯಗಳು ಅದರ ಜಾಗವನ್ನು ತುಂಬಲಾರವು. ಆದರೆ ಉತ್ತರ ಬರೆದವರಿಗೆ ಅದು ಉಪಯೋಗಕ್ಕೆ ಬಂತೆಂದು ತಿಳಿಯಲು ಗುಂಡಿ ಸಹಾಯಕ. ಸ್ಟ್ಯಾಕ್ ಓವರ್‌ಫ್ಲೋ ಧನ್ಯವಾದದ ಟಿಪ್ಪಣಿಗಳನ್ನು ನಿರುತ್ಸಾಹಗೊಳಿಸಿ ಅವುಗಳ ಬದಲಿಗೆ ಮೇಲ್ಮತ ನೀಡುವಂತೆ ಕೇಳಿಕೊಳ್ಳುತ್ತದೆ. ಮೇಲ್ಮತ ನೀಡಲು 15 ಅಂಕಗಳನ್ನು ಗಳಿಸಿರಬೇಕೆಂಬ ನಿಯಮವೂ ಅಲ್ಲಿದೆ. ಹೀಗಾಗಿ ಒಮ್ಮೆ ಬಂದು ಉತ್ತರ ಪಡೆದು ಹೋಗುವ ಹೊಸಬರು ಮೇಲ್ಮತದ ಮೂಲಕ ಕೃತಜ್ಞತೆ ಸಲ್ಲಿಸಲಾಗದೆ ಉಳಿಯಬಹುದು.

ಗುಂಡಿಗೆ ಪರ್ಯಾಯವಾಗಿ ನೇರವಾಗಿ ಕೇಳಿಕೊಳ್ಳುವ ವಿಧಾನವೂ ಪರೀಕ್ಷೆಗೆ ಒಳಪಟ್ಟಿದೆ. ಚಲನಚಿತ್ರಗಳಿಗೆ ಅಂಕ ನೀಡುವ ಮೂವಿಲೆನ್ಸ್ ತಾಣದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ತಮ್ಮ ಕೊಡುಗೆ ಬೇರಾರೂ ನೀಡಲಾಗದಂಥದ್ದು ಎಂದು ನೆನಪಿಸಿದಾಗ ಮತ್ತು ನಿರ್ದಿಷ್ಟ ಗುರಿ ಕೊಟ್ಟಾಗ ಸದಸ್ಯರು ಹೆಚ್ಚು ಅಂಕಗಳನ್ನು ನೀಡಿದರು. ಅಗತ್ಯವೇ ಬೀಳಲಿಲ್ಲ ಎನ್ನುವ ಮೌನ ಓದುಗರನ್ನು ತಲುಪಲು ಈ ಬಗೆಯ ಕರೆ ಗುಂಡಿಗಿಂತ ಹೆಚ್ಚು ಸೂಕ್ತವಾಗಿ ಕಾಣುತ್ತದೆ.

ಎಣಿಕೆಯ ಪ್ರಭಾವ

ಎಣಿಕೆ ಬಹಿರಂಗವಾಗಿದ್ದರೆ ನಂತರ ಬಂದವರ ತೀರ್ಮಾನದ ಮೇಲೆ ಅದು ಪ್ರಭಾವ ಬೀರುತ್ತದೆ. ಲೆವ್ ಮುಚ್ನಿಕ್, ಸಿನಾನ್ ಅರಲ್ ಮತ್ತು ಶಾನ್ ಟೇಲರ್ ಅವರು ಸುದ್ದಿ ಸಂಗ್ರಹ ತಾಣವೊಂದರ 1,01,281 ಟಿಪ್ಪಣಿಗಳ ಮೇಲೆ ನಡೆಸಿದ ಪ್ರಯೋಗ 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಾದೃಚ್ಛಿಕವಾಗಿ ಒಂದು ಮೇಲ್ಮತವನ್ನು ಮೊದಲೇ ನೀಡಿದ್ದ ಟಿಪ್ಪಣಿಗಳ ಅಂತಿಮ ಅಂಕ ಸರಾಸರಿ ಶೇ. 25ರಷ್ಟು ಏರಿತು. ಮೊದಲೇ ಕೆಳಮತ ನೀಡಿದ್ದವನ್ನು ನಂತರದ ಓದುಗರು ಸರಿಪಡಿಸಿದರು. ಲಾರೆನ್ ಶೆರ್ಮನ್ ಮತ್ತು ಸಂಗಡಿಗರು 2016ರಲ್ಲಿ ಹದಿಹರೆಯದವರ ಮೆದುಳಿನ ಚಿತ್ರಣದ ಮೂಲಕ, ತಮ್ಮ ಚಿತ್ರಗಳಿಗೆ ಹೆಚ್ಚು ಲೈಕ್ ಬಂದುದನ್ನು ಕಂಡಾಗ ಪ್ರತಿಫಲಕ್ಕೆ ಸಂಬಂಧಿಸಿದ ಭಾಗ ಚುರುಕಾಗುವುದನ್ನು ತೋರಿಸಿದರು. ಸಂಶೋಧಕರೇ ಆ ಎಣಿಕೆಗಳನ್ನು ನಿಗದಿಪಡಿಸಿದ್ದರು.

ಇಂತಹ ಕಳವಳಗಳ ನಡುವೆ ಇನ್‌ಸ್ಟಾಗ್ರಾಮ್ 2019ರಲ್ಲಿ ಕೆನಡಾದಿಂದ ಆರಂಭಿಸಿ ಹಲವು ದೇಶಗಳಲ್ಲಿ ಲೈಕ್ ಎಣಿಕೆಯನ್ನು ಮರೆಮಾಡಿ ನೋಡಿತು; 2021ರಲ್ಲಿ ಆ ಆಯ್ಕೆಯನ್ನು ಬಳಕೆದಾರರಿಗೇ ಬಿಟ್ಟಿತು. ಯೂಟ್ಯೂಬ್ 2021ರ ನವೆಂಬರ್‌ನಲ್ಲಿ ಕೆಳಮುಖ ಹೆಬ್ಬೆರಳಿನ ಎಣಿಕೆಯನ್ನು ವೀಕ್ಷಕರಿಂದ ಮರೆಮಾಡಿತು. ಟ್ವಿಟರ್‌ನ ಇಂದಿನ ರೂಪವಾದ ಎಕ್ಸ್ 2024ರಲ್ಲಿ ಯಾರು ಏನನ್ನು ಮೆಚ್ಚಿದರೆಂಬುದನ್ನು ಇತರರಿಗೆ ಕಾಣದಂತೆ ಮಾಡಿತು.

ಒತ್ತುಗಳನ್ನು ಶ್ರೇಣೀಕರಣಕ್ಕೆ ಬಳಸಿದಾಗ ಪರಿಣಾಮ ಇನ್ನಷ್ಟು ತೀವ್ರವಾಗುತ್ತದೆ. 2017ರಿಂದ ಫೇಸ್‌ಬುಕ್ ಭಾವಚಿಹ್ನೆಗಳ ಪ್ರತಿಕ್ರಿಯೆಗೆ ಲೈಕ್‌ನ ಐದು ಪಟ್ಟು ಬೆಲೆ ನೀಡುತ್ತಿತ್ತೆಂದು 2021ರಲ್ಲಿ ಬಯಲಾದ ಆಂತರಿಕ ದಾಖಲೆಗಳಿಂದ ತಿಳಿದುಬಂತು. ಸಿಟ್ಟಿನ ಚಿಹ್ನೆಯೂ ಇದರಲ್ಲಿ ಸೇರಿದ್ದುದರಿಂದ ಕೆರಳಿಸುವ ಬರಹಗಳಿಗೆ ಹೆಚ್ಚು ಪ್ರಸಾರ ದೊರೆಯಿತು. 2020ರಲ್ಲಿ ಸಿಟ್ಟಿನ ಬೆಲೆಯನ್ನು ಸೊನ್ನೆಗೆ ಇಳಿಸಲಾಯಿತು.

ಖಾಸಗಿತನ ಮತ್ತು ಕಾನೂನು

ಒತ್ತುವುದು ಬರೆಯುವುದಕ್ಕಿಂತ ಹಗುರವೆಂಬ ಭಾವನೆಗೆ ಕಾನೂನಿನ ಮನ್ನಣೆ ಯಾವಾಗಲೂ ಇರುವುದಿಲ್ಲ. 2012ರ ನವೆಂಬರ್‌ನಲ್ಲಿ ಬಾಳ ಠಾಕ್ರೆಯವರ ನಿಧನದ ನಂತರ ಮುಂಬಯಿ ಸ್ತಬ್ಧಗೊಂಡುದನ್ನು ಪ್ರಶ್ನಿಸಿ ಫೇಸ್‌ಬುಕ್‌ನಲ್ಲಿ ಬರೆದ ಮಹಾರಾಷ್ಟ್ರದ ಪಾಲ್ಘರ್‌ನ ಯುವತಿಯೊಬ್ಬಳನ್ನೂ, ಆ ಬರಹಕ್ಕೆ ಲೈಕ್ ಒತ್ತಿದ ಆಕೆಯ ಗೆಳತಿಯನ್ನೂ ಪೊಲೀಸರು ಬಂಧಿಸಿದರು. ವ್ಯಾಪಕ ಟೀಕೆಯ ಬಳಿಕ ಪ್ರಕರಣವನ್ನು ಕೈಬಿಡಲಾಯಿತು. ಈ ಘಟನೆಯ ಹಿನ್ನೆಲೆಯಲ್ಲಿ ಸಲ್ಲಿಕೆಯಾದ ಶ್ರೇಯಾ ಸಿಂಘಾಲ್ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಗೊಳಿಸಿತು. 2025ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು, ಬರಹವೊಂದಕ್ಕೆ ಲೈಕ್ ಒತ್ತುವುದು ಅದೇ ಕಾಯ್ದೆಯ 67ನೇ ಕಲಮಿನಡಿ ಪ್ರಕಟಣೆ ಅಥವಾ ಪ್ರಸಾರ ಎನಿಸದು, ಹಂಚಿಕೊಳ್ಳುವುದು ಎನಿಸಬಹುದು ಎಂದು ಹೇಳಿತು.

ಅಮೆರಿಕದ ವರ್ಜೀನಿಯಾದಲ್ಲಿ ಶೆರಿಫ್ ಚುನಾವಣೆಯ ಎದುರಾಳಿಯ ಪುಟಕ್ಕೆ ಲೈಕ್ ಒತ್ತಿದ ನೌಕರನೊಬ್ಬ ಕೆಲಸ ಕಳೆದುಕೊಂಡ ಪ್ರಕರಣದಲ್ಲಿ, ಅಲ್ಲಿನ ಮೇಲ್ಮನವಿ ನ್ಯಾಯಾಲಯವು 2013ರಲ್ಲಿ ಲೈಕ್ ಒತ್ತುವುದನ್ನು ಸಂವಿಧಾನ ರಕ್ಷಿಸುವ ಅಭಿವ್ಯಕ್ತಿಯೆಂದು ಪರಿಗಣಿಸಿ, ಮನೆಯಂಗಳದಲ್ಲಿ ಅಭ್ಯರ್ಥಿಯ ಫಲಕ ನೆಡುವುದಕ್ಕೆ ಹೋಲಿಸಿತು. ಕೆನಡಾದ ಸಸ್ಕಾಚೆವಾನ್ ಪ್ರಾಂತದ ನ್ಯಾಯಾಲಯವು 2023ರಲ್ಲಿ, ಅಗಸೆ ಬೀಜದ ಮಾರಾಟ ಒಪ್ಪಂದದ ಚಿತ್ರಕ್ಕೆ ರೈತನೊಬ್ಬ ಮೊಬೈಲ್‌ನಲ್ಲಿ ಕಳುಹಿಸಿದ ಹೆಬ್ಬೆರಳಿನ ಚಿಹ್ನೆಯನ್ನು ಸಹಿಯೆಂದೇ ಪರಿಗಣಿಸಿ, ಸುಮಾರು 82,000 ಕೆನಡಾ ಡಾಲರ್ ಪರಿಹಾರ ನೀಡುವಂತೆ ಆದೇಶಿಸಿತು. ಚಿಹ್ನೆಯ ಅರ್ಥ ‘ಒಪ್ಪಿದೆ’ ಎಂದಲ್ಲ, ‘ತಲುಪಿತು’ ಎಂದಷ್ಟೇ ಎಂಬ ರೈತನ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ.

ಮೈಕಲ್ ಕೊಸಿನ್ಸ್ಕಿ ಮತ್ತು ಸಂಗಡಿಗರು 58,000ಕ್ಕೂ ಹೆಚ್ಚು ಸ್ವಯಂಸೇವಕರ ಫೇಸ್‌ಬುಕ್ ಲೈಕ್‌ಗಳನ್ನು ವಿಶ್ಲೇಷಿಸಿ, ಅವುಗಳಿಂದಲೇ ರಾಜಕೀಯ ಒಲವು, ಧರ್ಮ, ಲೈಂಗಿಕ ಒಲವು ಮೊದಲಾದವನ್ನು ಗಣನೀಯ ನಿಖರತೆಯಿಂದ ಊಹಿಸಬಹುದೆಂದು 2013ರಲ್ಲಿ ತೋರಿಸಿದರು. ಇತರ ತಾಣಗಳಲ್ಲಿ ಅಳವಡಿಸಿದ ಲೈಕ್ ಗುಂಡಿಯು ಅದನ್ನು ಒತ್ತದ ಸಂದರ್ಶಕರ ಮಾಹಿತಿಯನ್ನೂ ಫೇಸ್‌ಬುಕ್‌ಗೆ ರವಾನಿಸುತ್ತಿತ್ತು. ಗುಂಡಿಯನ್ನು ಅಳವಡಿಸಿದ ತಾಣದ ಮಾಲೀಕರೂ ಈ ಸಂಗ್ರಹಣೆ ಮತ್ತು ರವಾನೆಗೆ ಜಂಟಿಯಾಗಿ ಹೊಣೆಗಾರರು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು ಫ್ಯಾಶನ್ ಐಡಿ ಪ್ರಕರಣದಲ್ಲಿ 2019ರ ಜುಲೈ 29ರಂದು ತೀರ್ಪು ನೀಡಿತು.